ಡೇಟೋನಾ ಯುಎಸ್‌ಎ ಗಾಡಿ ಒಂದೇ ಕಡೆ ಎಳೆಯುತ್ತಿದೆಯೇ? ಕ್ಯಾಲಿಬ್ರೇಷನ್‌ಗೆ ಕೈ ಹಾಕುವ ಮುಂಚೆ ನೋಡಬೇಕಾದದ್ದು

"ಅಣ್ಣಾ, ಗಾಡಿ ಎಡಕ್ಕ ಎಳೀಲತ್ತದ ನೋಡ್ರಿ." ಕಲಬುರಗಿ, ಬೀದರ್, ಯಾದಗಿರಿ ಕಡೆ ಗೇಮ್ ಜೋನ್ ಇಟ್ಟವರು, ಜಾತ್ರೆಗೆ ಮಷಿನ್ ಹೊತ್ತೊಯ್ಯುವವರು ಸೆಗಾ ಕಂಪನಿಯ ಕಾರ್ ರೇಸ್ ಆಟದ ಮಷಿನ್ ಡೇಟೋನಾ ಯುಎಸ್‌ಎ ಬಗ್ಗೆ ಹೇಳುವ ದೂರು ಹೆಚ್ಚಾಗಿ ಇದೇ. ಸ್ಟೀರಿಂಗ್ ನೆಟ್ಟಗೆ ಹಿಡಿದರೂ ಕಾರು ಗೋಡೆ ಕಡೆ ಹೋಗುತ್ತದೆ. ಹುಡುಗರು ಒಂದು ಸಲ ಆಡಿ ಎದ್ದು ಹೋಗುತ್ತಾರೆ. ಮಾಲೀಕರು ಕಾಯಿನ್ ಬಾಗಿಲು ತೆಗೆದು, ಟೆಸ್ಟ್ ಬಟನ್ ಒತ್ತಿ, ಕ್ಯಾಲಿಬ್ರೇಷನ್ ಮಾಡಿ ಮುಚ್ಚುತ್ತಾರೆ. ಸ್ವಲ್ಪ ದಿನ ಸರಿ ಇರುತ್ತದೆ. ಆಮೇಲೆ ಮತ್ತೆ ಅದೇ.

ಕ್ಯಾಲಿಬ್ರೇಷನ್ ಅಂದರೆ ಮಷಿನ್‌ಗೆ "ಇದು ನಡು, ಇದು ಎಡದ ಕೊನೆ, ಇದು ಬಲದ ಕೊನೆ" ಅಂತ ಹೇಳಿಕೊಡುವುದು ಅಷ್ಟೇ. ಒಳಗೆ ಒಂದು ಸ್ಕ್ರೂ ಸಡಿಲವಾಗಿದ್ದರೆ ಇವತ್ತಿನ ನಡು ನಾಳೆ ನಡುವಾಗಿ ಇರುವುದಿಲ್ಲ. ದೋಷ ಹಾಗೇ ಉಳಿಯುತ್ತದೆ, ಅದರ ಗುರುತು ಮಾತ್ರ ಅಳಿಸಿ ಹೋಗುತ್ತದೆ. ಅದಕ್ಕೇ ನಾನು ಕ್ಯಾಲಿಬ್ರೇಷನ್ ಅನ್ನು ಕಟ್ಟಕಡೆಗೆ ಇಡುತ್ತೇನೆ. ಮೊದಲು ಕೇಳಬೇಕು, ಆಮೇಲೆ ಅಳೆಯಬೇಕು, ಆಮೇಲೆ ಬಿಚ್ಚಬೇಕು.

ಎಳೆಯುವುದು ಕೈಯನ್ನೋ, ಕಾರನ್ನೋ?

ಮೊದಲ ಪ್ರಶ್ನೆ ಆಡಿದವರಿಗೆ ಕೇಳಬೇಕಾದದ್ದು. "ಸ್ಟೀರಿಂಗ್ ನಿಮ್ಮ ಕೈಯನ್ನ ಎಳೀತದೇನ್ರಿ, ಇಲ್ಲಾ ಸ್ಟೀರಿಂಗ್ ಸುಮ್ನೆ ಇದ್ದು ಪರದೆ ಮ್ಯಾಲಿನ ಕಾರು ಹೋಗ್ತದೇನ್ರಿ?" ಇವೆರಡೂ ಬೇರೆ ಬೇರೆ ರೋಗ. ಕೈಯನ್ನು ಎಳೆಯುತ್ತಿದ್ದರೆ ಮೋಟರು, ಅದನ್ನು ನಡೆಸುವ ಡ್ರೈವ್ ಬೋರ್ಡು ನೋಡಬೇಕು. ಕಾರು ಮಾತ್ರ ಹೋಗುತ್ತಿದ್ದರೆ ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಹೇಳುವ ಪಾಟ್ ನೋಡಬೇಕು. ಈ ಒಂದು ಪ್ರಶ್ನೆ ಕೇಳದೆ ಇಡೀ ಸ್ಟೀರಿಂಗ್ ಜೋಡಣೆ ಬಿಚ್ಚಿ ಹರವಿದವರನ್ನು ನೋಡಿದ್ದೇನೆ.

ಇನ್ನೊಂದು ವಿಷಯ. ದೂರು ಬಂದದ್ದು ಯಾವ ಕೋರ್ಸ್, ಅಂದರೆ ಯಾವ ರೇಸಿನ ರಸ್ತೆ ಆಡುವಾಗ ಅಂತಲೂ ಕೇಳಿ. ಈ ಆಟದಲ್ಲಿ ಮೂರು ಕೋರ್ಸ್ ಇವೆ. ಬಿಗಿನರ್ ಕೋರ್ಸ್ ತ್ರೀ ಸೆವೆನ್ ಸ್ಪೀಡ್‌ವೇ 8 ಸುತ್ತು, ಅಡ್ವಾನ್ಸ್ಡ್ ಆದ ಡೈನೋಸಾರ್ ಕ್ಯಾನ್ಯನ್ 4 ಸುತ್ತು, ಎಕ್ಸ್‌ಪರ್ಟ್ ಆದ ಸೀಸೈಡ್ ಸ್ಟ್ರೀಟ್ ಗ್ಯಾಲಕ್ಸಿ 2 ಸುತ್ತು. ಹೊಸಬರೆಲ್ಲ ಆಡುವುದು ಮೊದಲನೆಯದನ್ನು. ಅದು ಎಡಕ್ಕೇ ತಿರುಗುತ್ತಾ ಹೋಗುವ ಓವಲ್ ರಸ್ತೆ, ತಿರುವಿನಲ್ಲಿ ರಸ್ತೆಯೇ ವಾಲಿದೆ. ಅಲ್ಲಿ ಸ್ಟೀರಿಂಗ್ ಹೊಡೆದಾಟ ಸಹಜ. ಹಾಗಾಗಿ ಪರೀಕ್ಷೆ ಮಾಡುವುದಾದರೆ ಶುರುವಿನ ನೇರ ರಸ್ತೆಯಲ್ಲೇ ಮಾಡಿ. ಅಲ್ಲಿ ಕೈ ಬಿಟ್ಟಾಗ ಕಾರು ನೆಟ್ಟಗೆ ಹೋದರೆ ಮಷಿನ್ ಬಿಚ್ಚುವ ಕೆಲಸವೇ ಇಲ್ಲ.

"ಟೈಮ್ ಬೇಗ ಮುಗಿತದ" ಅನ್ನುವ ದೂರೂ ಹೀಗೇ. ಅದು ಟೆಸ್ಟ್ ಮೆನುವಿನ ಡಿಫಿಕಲ್ಟಿ ಸೆಟ್ಟಿಂಗ್, ಕೆಟ್ಟದ್ದಲ್ಲ. "ಪಕ್ಕದ ಹುಡುಗನ ಗಾಡಿ ಜಾಸ್ತಿ ಓಡ್ತದ" ಅಂದರೆ ಅವನು ಮ್ಯಾನ್ಯುಯಲ್ ಗೇರ್ ಹಾಕಿದ್ದಾನಾ ನೋಡಿ. ಮ್ಯಾನ್ಯುಯಲ್ ಕಾರು ಆಟೋಮ್ಯಾಟಿಕ್‌ಗಿಂತ ವೇಗ ಇರುವ ಹಾಗೆ ಆಟವನ್ನೇ ಮಾಡಿದ್ದಾರೆ. ಇನ್ನು "ತಿರುವಿನಲ್ಲಿ ಜಾರ್ತದ" ಅಂದರೆ, ಗೇರ್ ಇಳಿಸಿ ಜಾರಿಸಿಕೊಂಡು ತಿರುಗುವುದೇ ಈ ಆಟದ ರುಚಿ. ಡೈನೋಸಾರ್ ಕ್ಯಾನ್ಯನ್‌ನಲ್ಲಿ ಅದು ಬಾರದೆ ಒಳ್ಳೆ ಟೈಮ್ ಸಿಗುವುದಿಲ್ಲ.

ಕರೆಂಟ್ ಅಳೆಯದೆ ಮುಂದೆ ಹೋಗಬೇಡಿ

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಮಾಮೂಲಿ. ಸಂಜೆ ಎಲ್ಲರ ಮನೆಯ ಕೂಲರ್, ಏಸಿ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ. ಗೇಮ್ ಜೋನ್‌ಗೆ ಗಿರಾಕಿ ಬರುವುದೂ ಅದೇ ಹೊತ್ತಿಗೆ. ಬೆಳಿಗ್ಗೆ ನಾವು ಹೋಗಿ ನೋಡಿದಾಗ ಚೆನ್ನಾಗಿ ಓಡುವ ಮಷಿನ್ ಸಂಜೆ ಏಳಕ್ಕೆ ತಾನಾಗೇ ರೀಸೆಟ್ ಆಗುತ್ತದೆ. ಅದಕ್ಕೆ ದೂರು ಬಂದ ಹೊತ್ತಿನಲ್ಲೇ ಅಳೆಯಬೇಕು.

ಈ ಮಷಿನ್‌ಗಳು ಬಹಳಷ್ಟು ಹೊರದೇಶದಿಂದ ಸೆಕೆಂಡ್ ಹ್ಯಾಂಡ್ ಬಂದವು. ಮಷಿನ್ ಹಿಂಬದಿಯ ಪಟ್ಟಿ ಓದಿ. ಜಪಾನಿನದಾದರೆ 100 ವೋಲ್ಟ್, ಅಮೆರಿಕದ್ದಾದರೆ 110ರಿಂದ 120 ವೋಲ್ಟ್ ಇರುತ್ತದೆ. ನಮ್ಮ ಗೋಡೆಯಲ್ಲಿ ಬರುವುದು 230. ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಟ್ರಾನ್ಸ್‌ಫಾರ್ಮರ್ ತಾನಾಗಿ ವೋಲ್ಟೇಜ್ ಸರಿ ಮಾಡುವುದಿಲ್ಲ, ಬಂದದ್ದನ್ನು ಲೆಕ್ಕದಂತೆ ಇಳಿಸುತ್ತದೆ ಅಷ್ಟೇ. ಗೋಡೆಯಲ್ಲಿ 190 ಇದ್ದರೆ 100 ಬರಬೇಕಾದ ಕಡೆ ಸುಮಾರು 83 ಬರುತ್ತದೆ. ಸ್ಟೆಬಿಲೈಜರ್ ಹಾಕುವುದಾದರೆ ಟ್ರಾನ್ಸ್‌ಫಾರ್ಮರ್‌ಗಿಂತ ಮುಂಚೆ ಹಾಕಿ. ಎರಡು ಸೀಟಿನ ಟ್ವಿನ್ ಮಷಿನ್‌ಗೆ ಟಿವಿಯ ಸಣ್ಣ ಸ್ಟೆಬಿಲೈಜರ್ ಸಾಲುವುದಿಲ್ಲ. ಮಷಿನ್ ಪಟ್ಟಿಯ ಮೇಲೆ ಬರೆದ ಕರೆಂಟಿನ ಲೋಡ್‌ಗಿಂತ ದೊಡ್ಡದು ತಗೊಳ್ಳಿ.

ಆಮೇಲೆ ಒಳಗಿನ 5 ವೋಲ್ಟ್. ಆಟ ನಡೆಯುವುದು ಸೆಗಾದ ಮಾಡೆಲ್ 2 ಬೋರ್ಡಿನ ಮೇಲೆ. ಅದಕ್ಕೆ 5 ವೋಲ್ಟ್ ಶುದ್ಧವಾಗಿ ಬೇಕು. ಮೀಟರನ್ನು ಪವರ್ ಸಪ್ಲೈ ಹತ್ತಿರ ಇಡಬೇಡಿ. ಬೋರ್ಡಿನ ಕನೆಕ್ಟರ್ ಹತ್ತಿರ ಇಡಿ, ಮಷಿನ್ ಓಡುತ್ತಿರುವಾಗಲೇ ಅಳೆಯಿರಿ. ಇಂಥ ಚಿಪ್‌ಗಳು 4.75ರಿಂದ 5.25ರವರೆಗೆ ತಡೆಯುತ್ತವೆ ಅನ್ನುವುದು ಪುಸ್ತಕದ ಲೆಕ್ಕ. ನನಗೆ 5.0ರಿಂದ 5.1ರ ನಡುವೆ ಇದ್ದರೇ ಸಮಾಧಾನ. ಸಪ್ಲೈ ಹತ್ತಿರ 5.1, ಬೋರ್ಡ್ ಹತ್ತಿರ 4.7 ಬಂದರೆ ನಡುವಿನ ಕನೆಕ್ಟರ್ ಸುಟ್ಟಿದೆ ಅಂತ ಅರ್ಥ. ಪಿನ್ನು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆಗ ಸಪ್ಲೈಯ ಸ್ಕ್ರೂ ತಿರುಗಿಸಿ ವೋಲ್ಟೇಜ್ ಏರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸುಟ್ಟ ಪಿನ್ನು ಇನ್ನಷ್ಟು ಸುಡುತ್ತದೆ. ಕನೆಕ್ಟರ್ ಬದಲಿಸಿ.

ಅರ್ಥಿಂಗ್ ಬಗ್ಗೆ ಒಂದು ಮಾತು ಜೋರಾಗಿಯೇ ಹೇಳಬೇಕು. ಸೀಟಿನ ಕಬ್ಬಿಣ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಯಾರಾದರೂ ಹೇಳಿದರೆ ಆ ಕ್ಷಣವೇ ಮಷಿನ್ ನಿಲ್ಲಿಸಿ. ಕೂರುವವರು ಮಕ್ಕಳು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಮಳೆಗಾಲದಲ್ಲಿ ಸರಿ ಇದ್ದ ಅರ್ಥ್ ಮೇ ತಿಂಗಳಲ್ಲಿ ಕೆಲಸ ಮಾಡದೆ ಇರಬಹುದು. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕರೆದು ಅಳತೆ ಮಾಡಿಸಿ. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಕಾಲು ಮುರಿದು ಎರಡು ಪಿನ್ನಿಗೆ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಪರದೆಯ ಮೇಲಿನ ನಂಬರ್ ಎಲ್ಲಾ ಹೇಳುತ್ತದೆ

ಇದು ಈ ಬರಹದ ಮುಖ್ಯ ಭಾಗ. ಕಾಯಿನ್ ಬಾಗಿಲ ಒಳಗಿನ ಟೆಸ್ಟ್ ಬಟನ್ ಒತ್ತಿದರೆ ಮೆನು ಬರುತ್ತದೆ. ಅದರಲ್ಲಿ ಇನ್‌ಪುಟ್ ಟೆಸ್ಟ್ ತೆಗೆಯಿರಿ. ಸ್ಟೀರಿಂಗ್, ಆಕ್ಸಿಲರೇಟರ್, ಬ್ರೇಕ್ ಮೂರಕ್ಕೂ ಒಂದೊಂದು ನಂಬರ್ ಕಾಣುತ್ತದೆ. 00ಯಿಂದ ಎಫ್ಎಫ್‌ವರೆಗೆ ಒಟ್ಟು 256 ಮೆಟ್ಟಿಲು. 9 ಆದ ಮೇಲೆ ಎ, ಬಿ, ಸಿ ಅಂತ ಎಫ್‌ವರೆಗೆ ಎಣಿಸುತ್ತದೆ. ಈ ಎಣಿಕೆಯಲ್ಲಿ 80 ಅಂದರೆ ಸರಿಯಾಗಿ ಅರ್ಧ, ಹಾಗಾಗಿ ಸ್ಟೀರಿಂಗ್ ನಡುವಿನಲ್ಲಿದ್ದಾಗ 80ರ ಆಸುಪಾಸು ಇರಬೇಕು.

ಈ ನಂಬರ್ ಬರುವುದು ಸ್ಟೀರಿಂಗ್ ಕೋಲಿಗೆ ಗೇರಿನ ಮೂಲಕ ಜೋಡಿಸಿದ ಪಾಟ್‌ನಿಂದ. ರೇಡಿಯೋ ರಿಪೇರಿಯವರು ವಾಲ್ಯೂಮ್ ಕಂಟ್ರೋಲ್ ಅನ್ನುವ ಭಾಗವೇ ಇದು. ಒಳಗೆ ಇಂಗಾಲದ ಪಟ್ಟಿ, ಅದರ ಮೇಲೆ ಓಡಾಡುವ ಒಂದು ಕಡ್ಡಿ. ಕಡ್ಡಿ ಎಲ್ಲಿದೆಯೋ ಅದಕ್ಕೆ ತಕ್ಕ ವೋಲ್ಟೇಜ್, ವೋಲ್ಟೇಜ್‌ಗೆ ತಕ್ಕ ನಂಬರ್.

ಈಗ ಏನನ್ನೂ ಮುಟ್ಟದೆ ನಂಬರ್ ನೋಡಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮೆಲ್ಲಗೆ ನಡುವಿಗೆ ತಂದು ಬಿಡಿ. ನಂಬರ್ ಬರೆಯಿರಿ. ಪೂರ್ತಿ ಬಲಕ್ಕೆ ತಿರುಗಿಸಿ, ಮತ್ತೆ ನಡುವಿಗೆ ತಂದು ಬರೆಯಿರಿ. ಎರಡೂ ಕಡೆಯಿಂದ ಬಂದಾಗ ಒಂದೇ ನಂಬರ್ ಇದ್ದು, ಅದು 80 ಬಿಟ್ಟು ಬೇರೆ, ಅಂದರೆ 8ಸಿ ಅಂತ ಇದ್ದರೆ, ಗೇರ್ ಒಮ್ಮೆ ಜಾರಿ ಅಲ್ಲೇ ಕೂತಿದೆ. ಅಲೆನ್ ಕೀಯಿಂದ ಗೇರಿನ ಸ್ಕ್ರೂ ಬಿಗಿ ಮಾಡಿ ಕ್ಯಾಲಿಬ್ರೇಷನ್ ಮಾಡಿದರೆ ಮುಗಿಯಿತು.

ಎಡದಿಂದ ಬಂದಾಗ 7ಎ, ಬಲದಿಂದ ಬಂದಾಗ 88 ಅಂತ ಬೇರೆ ಬೇರೆ ಬಂದರೆ ಎಲ್ಲೋ ಸಡಿಲ ಇದೆ. ಪಾಟ್ ಕೂರಿಸಿದ ತಗಡು, ಗೇರಿನ ಹಲ್ಲು, ಸ್ಟೀರಿಂಗ್ ಕೋಲಿನ ಬೇರಿಂಗ್, ಈ ಮೂರರಲ್ಲಿ ಒಂದು. ಒಬ್ಬರು ಸ್ಟೀರಿಂಗ್ ಮೆಲ್ಲಗೆ ಅಲ್ಲಾಡಿಸಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಲಿ. ಸ್ಟೀರಿಂಗ್ ತಿರುಗಿದರೂ ಪಾಟ್ ತಿರುಗದ ಆ ಕೂದಲೆಳೆ ಜಾಗ ಕಣ್ಣಿಗೆ ಬೀಳುತ್ತದೆ. ಇಂಥ ಮಷಿನ್‌ಗೆ ಎಷ್ಟು ಸಲ ಕ್ಯಾಲಿಬ್ರೇಷನ್ ಮಾಡಿದರೂ ಉಪಯೋಗ ಇಲ್ಲ. ಮೊದಲ ಪ್ಯಾರಾದಲ್ಲಿ ಹೇಳಿದ "ಸ್ವಲ್ಪ ದಿನ ಸರಿ" ಮಷಿನ್‌ಗಳು ಹೆಚ್ಚಾಗಿ ಇವೇ.

ಸ್ಟೀರಿಂಗ್ ಮುಟ್ಟದೆ ಇದ್ದಾಗಲೂ ನಂಬರ್ ಕುಣಿಯುತ್ತಿದ್ದರೆ, ಅದೂ ನಡು ಜಾಗದಲ್ಲೇ ಕುಣಿದು ಪಕ್ಕಕ್ಕೆ ತಿರುಗಿಸಿದಾಗ ನಿಂತರೆ, ಇಂಗಾಲದ ಪಟ್ಟಿ ಸವೆದಿದೆ. ಕಾರು ಬಹಳ ಹೊತ್ತು ನೆಟ್ಟಗೆ ಓಡುವುದರಿಂದ ಸವೆತ ನಡುವಿನಲ್ಲೇ ಜಾಸ್ತಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಕೆಲವು ದಿನ ಬದುಕುತ್ತದೆ. ಜಾತ್ರೆ ನಡುವೆ ಕೆಟ್ಟರೆ ಅದನ್ನು ಮಾಡಿ, ಆದರೆ ಹೊಸ ಪಾಟ್ ತರಿಸುವುದನ್ನು ಮುಂದೂಡಬೇಡಿ.

ನಂಬರ್ ಒಮ್ಮೆಲೆ 00ಗೋ ಎಫ್ಎಫ್‌ಗೋ ಹಾರಿದರೆ ವಯರ್ ಕಡಿದಿದೆ, ಇಲ್ಲವೇ ಸೋಲ್ಡರ್ ಬಿಟ್ಟಿದೆ. ಸ್ಟೀರಿಂಗ್, ಆಕ್ಸಿಲರೇಟರ್, ಬ್ರೇಕ್ ಮೂರೂ ಒಟ್ಟಿಗೆ ಕುಣಿದರೆ ಮೂರು ಪಾಟ್ ಒಂದೇ ದಿನ ಕೆಟ್ಟಿರಲಾರವು, ಅಲ್ವಾ? ಮತ್ತೆ 5 ವೋಲ್ಟ್ ಮತ್ತು ಅರ್ಥ್ ಕಡೆಗೆ ಹೋಗಿ.

ಪಾಟ್ ಕೊಳ್ಳುವಾಗ

ಸೆಗಾದ ಈ ಕಾಲದ ಮಷಿನ್‌ಗಳಲ್ಲಿ ಇರುವುದು 5 ಕಿಲೋ ಓಮ್ ಪಾಟ್. ಹಳೆಯದನ್ನು ಬಿಚ್ಚಿ, ಎರಡು ಕೊನೆಯ ಕಾಲುಗಳ ನಡುವೆ ಅಳೆದರೆ ಸುಮಾರು 5 ಕಿಲೋ ಓಮ್ ಬರಬೇಕು. ನಡು ಕಾಲು ಮತ್ತು ಒಂದು ಕೊನೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಓದು ಎಲ್ಲೂ ಜಿಗಿಯದೆ ಏರಬೇಕು. ಇದಕ್ಕೆ ಮುಳ್ಳಿನ ಹಳೇ ಮೀಟರ್ ಡಿಜಿಟಲ್‌ಗಿಂತ ಒಳ್ಳೆಯದು. ಸವೆದ ಜಾಗಕ್ಕೆ ಬಂದಾಗ ಮುಳ್ಳು ಥಟ್ಟನೆ ಬೀಳುವುದು ಕಾಣುತ್ತದೆ.

ಅಂಗಡಿಯಲ್ಲಿ "5ಕೆ ಪಾಟ್ ಕೊಡ್ರಿ" ಅಂದರೆ ಸಾಲದು. ಮೇಲೆ ಬಿ5ಕೆ ಅಂತ ಬರೆದದ್ದು ಬೇಕು. ಬಿ ಅಂದರೆ ತಿರುಗಿಸಿದಷ್ಟೇ ಸಮವಾಗಿ ಬದಲಾಗುವುದು. ಎ ಅಂತ ಬರೆದದ್ದು ಆಡಿಯೋ ಆಂಪ್ಲಿಫೈಯರ್‌ಗೆ. ಅದನ್ನು ಹಾಕಿದರೆ ಒಂದು ಕಡೆ ಸ್ಟೀರಿಂಗ್ ಅತಿ ಚುರುಕು, ಇನ್ನೊಂದು ಕಡೆ ಮಂದ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಟಿ ಗುಜರಾತಿ ಗಲ್ಲಿಯಲ್ಲಿ ಹುಡುಕಿ. ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಕೋಲಿನ ಉದ್ದ, ದಪ್ಪ, ಅದರ ಒಂದು ಬದಿ ಚಪ್ಪಟೆ ಇದೆಯೋ ಇಲ್ಲವೋ, ಎಲ್ಲ ಹೊಂದಬೇಕು.

ಕೂರಿಸುವಾಗ ಸ್ಟೀರಿಂಗನ್ನು ಕಣ್ಣಳತೆಯಲ್ಲಿ ನಡುವಿಗೆ ಇಟ್ಟು, ಪಾಟ್ ನಡು ಕಾಲಿನಿಂದ ಎರಡೂ ಕೊನೆಗೆ ಸಮ, ಅಂದರೆ ಸುಮಾರು ಎರಡೂವರೆ ಕಿಲೋ ಓಮ್ ಬರುವ ಹಾಗೆ ತಿರುಗಿಸಿ, ಆಮೇಲೆ ಗೇರ್ ಸ್ಕ್ರೂ ಬಿಗಿ ಮಾಡಿ. ಈಗ ಮಾಡಿ ಕ್ಯಾಲಿಬ್ರೇಷನ್. ಇನ್ನು ಅದು ನಿಲ್ಲುತ್ತದೆ.

ಪೆಡಲ್, ಗೇರು, ಮೋಟರು

"ಗಾಡಿ ಓಡವಲ್ದು" ಅಂದಾಗ ಎಲ್ಲರೂ ಆಕ್ಸಿಲರೇಟರ್ ನೋಡುತ್ತಾರೆ. ಬ್ರೇಕ್ ನೋಡುವವರು ಕಡಿಮೆ. ಬ್ರೇಕ್ ಸ್ಪ್ರಿಂಗ್ ಸೋತು ಪೆಡಲ್ ಪೂರ್ತಿ ಮೇಲೆ ಬರದಿದ್ದರೆ ಕಾರು ಬ್ರೇಕ್ ಹಾಕಿಕೊಂಡೇ ಓಡುತ್ತದೆ. ಇನ್‌ಪುಟ್ ಟೆಸ್ಟ್‌ನಲ್ಲಿ ಕಾಲು ತೆಗೆದು ಬ್ರೇಕಿನ ನಂಬರ್ ನೋಡಿ, ಒತ್ತಿ ಬಿಟ್ಟು ಮತ್ತೆ ನೋಡಿ. ಮೊದಲಿದ್ದಲ್ಲಿಗೆ ವಾಪಸ್ ಬರದಿದ್ದರೆ ಸಿಕ್ಕಿತು. ಪೆಡಲ್ ಕೆಳಗೆ ಸೇರುವ ಧೂಳು, ಕಡಲೆಸಿಪ್ಪೆ, ಮಂಡಾಳಿನ ಕಾಳು ಕೂಡ ಇದೇ ಕೆಲಸ ಮಾಡುತ್ತವೆ. ಪೆಡಲಿನ ಕೊನೆಯಲ್ಲಿ ಒಂದು ರಬ್ಬರ್ ತಡೆ ಇರುತ್ತದೆ. ಅದು ಹರಿದರೆ ಹುಡುಗರು ತುಳಿದ ಭಾರವೆಲ್ಲ ಪಾಟ್ ಮೇಲೆ ಬಿದ್ದು ಅದರ ಕೋಲು ಮುರಿಯುತ್ತದೆ. ಪಾಟ್ ಮೇಲಿಂದ ಮೇಲೆ ಮುರಿಯುತ್ತಿದ್ದರೆ ಆ ರಬ್ಬರ್ ಹುಡುಕಿ.

ನಾಲ್ಕು ಗೇರಿನ ಕಡ್ಡಿಯೊಳಗೆ ಇರುವುದು ಮೈಕ್ರೋ ಸ್ವಿಚ್ಚುಗಳು. ಒಂದೊಂದೇ ಗೇರ್ ಹಾಕಿ ಟೆಸ್ಟ್ ಪರದೆ ನೋಡಿದರೆ ಯಾವುದು ಬೀಳುತ್ತಿಲ್ಲ ಅಂತ ಗೊತ್ತಾಗುತ್ತದೆ. ಬೇಗ ತಿಳಿಯಬೇಕಾದರೆ ಆಟೋಮ್ಯಾಟಿಕ್ ಹಾಕಿ ಓಡಿಸಿ. ಅಲ್ಲಿ ಸರಿ ಓಡಿದರೆ ದೋಷ ಗೇರಿನಲ್ಲೇ.

ಕೈ ಎಳೆಯುವ ದೋಷಕ್ಕೆ ಬರೋಣ. ಬಿಟ್ಟ ಸ್ಟೀರಿಂಗ್ ತಾನಾಗೇ ಎಡ ಬಲ ನಡುಗುತ್ತಿದ್ದರೆ ಮೋಟರನ್ನು ಬೈಯುವ ಮುಂಚೆ ಪಾಟ್ ನೋಡಿ. ಮೋಟರಿಗೆ ನಡು ಎಲ್ಲಿದೆ ಅಂತ ತಿಳಿಯುವುದೂ ಅದೇ ನಂಬರಿನಿಂದ. ಪಾಟ್‌ನ ಗೇರಿನಲ್ಲಿ ಸಡಿಲ ಇದ್ದರೆ ಮೋಟರು ನಡುವನ್ನು ಹುಡುಕುತ್ತಾ ಅತ್ತ ಇತ್ತ ಒದ್ದಾಡುತ್ತದೆ. ನಂಬರ್ ಗಟ್ಟಿಯಾಗಿದ್ದು, ಸ್ಟೀರಿಂಗ್ ಒಂದೇ ಕಡೆ ಜೋರಾಗಿ ಎಳೆದರೆ ಡ್ರೈವ್ ಬೋರ್ಡು. ಮಷಿನ್ ಆರಿಸಿ, ಮೋಟರಿನ ಕನೆಕ್ಟರ್ ತೆಗೆದು ಆಡಿಸಿ ನೋಡಿ. ಎಳೆತ ನಿಂತು ಆಟ ಸರಿ ನಡೆದರೆ ಖಾತ್ರಿ. ಬೋರ್ಡ್ ರಿಪೇರಿಗೆ ಹೋದಾಗ ಮೋಟರಿಲ್ಲದೆ ಆಡಿಸಬಹುದು. ಸ್ಟೀರಿಂಗ್ ಸಪ್ಪೆ ಅನ್ನಿಸುತ್ತದೆ, ಆದರೆ ಮಷಿನ್ ಮುಚ್ಚುವುದಕ್ಕಿಂತ ಮೇಲು.

ಪರದೆ ಮತ್ತು ಲಿಂಕ್

ಹಳೆಯ ಪಿಕ್ಚರ್ ಟ್ಯೂಬ್ ಕೆಟ್ಟಾಗ ಮನೆಯ ಹಳೇ ಟಿವಿ ಒಳಗೆ ಕೂರಿಸಲು ಹೋಗುವವರಿಗೆ ಒಂದು ಎಚ್ಚರಿಕೆ. ಮಾಡೆಲ್ 2 ಬೋರ್ಡ್ ಹೊರಡಿಸುವ ಚಿತ್ರ 496 ಗುಣಿಸು 384 ಚುಕ್ಕಿಯದು, ಅದರ ಅಡ್ಡ ಗೆರೆಗಳ ವೇಗ 24 ಕಿಲೋಹರ್ಟ್ಸ್. ಮನೆಯ ಟಿವಿ 15ಕ್ಕೆ ಮಾಡಿದ್ದು. ಹಾಗಾಗಿ ಚಿತ್ರ ಹರಿದು ಓಡುತ್ತದೆ. ಎಲ್‌ಸಿಡಿ ಹಾಕುವುದಾದರೆ 24 ಒಪ್ಪುವ ಕನ್ವರ್ಟರ್ ಬೋರ್ಡ್ ಬೇಕು. ಅದರಲ್ಲಿ ಚಿತ್ರ ಒಂದು ಚೂರು ತಡವಾಗಿ ಬರುತ್ತದೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಅನುಭವಸ್ಥರಿಗೆ ಅದು ಗೊತ್ತಾಗುತ್ತದೆ. ಒಳ್ಳೆ ಟ್ಯೂಬ್ ಇದ್ದರೆ ಉಳಿಸಿಕೊಳ್ಳಿ ಅನ್ನುವುದೇ ನನ್ನ ಮಾತು. ಆದರೆ ಟ್ಯೂಬ್ ಹಿಂದೆ ನೀವಾಗೇ ಕೈ ಹಾಕಬೇಡಿ. ಆರಿಸಿದ ಮೇಲೂ ಅಲ್ಲಿ ಸಾವಿರಾರು ವೋಲ್ಟ್ ನಿಂತಿರುತ್ತದೆ. ಅದು ಟಿವಿ ರಿಪೇರಿ ಬಲ್ಲವರ ಕೆಲಸ.

ದಾಲ್ ಮಿಲ್ ಹತ್ತಿರದ ಅಂಗಡಿಗಳಲ್ಲಿ, ಸೇಡಂ, ವಾಡಿಯಂಥ ಸಿಮೆಂಟ್ ಊರುಗಳಲ್ಲಿ ಧೂಳು ವಿಪರೀತ. ತಿಂಗಳಿಗೊಮ್ಮೆ ಫ್ಯಾನು, ಜಾಳಿಗೆ ಹೊರಗೆ ಒಯ್ದು ಬ್ಲೋವರ್‌ನಿಂದ ಊದಿ. ಇನ್ನು ಕೂಲರ್. ಅದರ ತಣ್ಣನೆ ಗಾಳಿ ಮಷಿನ್ ಬೆನ್ನಿಗೆ ಬೀಳುವ ಹಾಗೆ ಇಡಲೇಬಾರದು. ಆ ಗಾಳಿಯ ಪಸೆ ಧೂಳಿನ ಜತೆ ಸೇರಿ ಬೋರ್ಡಿನ ಮೇಲೆ ಅಂಟುತ್ತದೆ, ಪಿನ್ನುಗಳು ಹಸಿರುಗಟ್ಟುತ್ತವೆ.

ಎರಡು ಸೀಟು ಒಟ್ಟಿಗೆ ಆಡದಿದ್ದರೆ ಮೊದಲು ಎರಡನ್ನೂ ಸೆಟ್ಟಿಂಗಿನಲ್ಲಿ ಸಿಂಗಲ್ ಮಾಡಿ. ಬೇರೆ ಬೇರೆಯಾಗಿ ಎರಡೂ ಸರಿ ಓಡಿದರೆ ದೋಷ ಲಿಂಕಿನಲ್ಲಿ. ಇದು ಬೆಳಕಿನ ಕೇಬಲ್. ಒಂದರ ಕಳಿಸುವ ತೂತಿನಿಂದ ಇನ್ನೊಂದರ ಪಡೆಯುವ ತೂತಿಗೆ ಹೋಗಬೇಕು, ಎರಡನೆಯದರಿಂದ ಮತ್ತೆ ಮೊದಲನೆಯದಕ್ಕೆ ಬಂದು ಸುತ್ತು ಪೂರ್ತಿ ಆಗಬೇಕು. ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಇರಬೇಕು. ಕೇಬಲ್ ತುದಿಯಲ್ಲಿ ಕೆಂಪು ಬೆಳಕು ಕಾಣಬೇಕು. ಕಾಣದಿದ್ದರೆ ಎಲ್ಲೋ ಚೂಪಾಗಿ ಮಡಚಿ ಒಳಗೆ ಮುರಿದಿದೆ. ಈ ಆಟ 8 ಮಂದಿಯವರೆಗೆ ಹೀಗೆ ಜೋಡಿಸಬಹುದಾದ್ದು. ಅದರ ಮಜಾ ಇರುವುದೇ ಪಕ್ಕದಲ್ಲಿ ಕೂತವರನ್ನು ಹಿಂದೆ ಹಾಕುವುದರಲ್ಲಿ. ಹಾಗಾಗಿ ಲಿಂಕ್ ಕೆಟ್ಟ ಮಷಿನನ್ನು ಹಾಗೇ ಓಡಿಸುವುದು ನನಗೆ ಸರಿ ಕಾಣುವುದಿಲ್ಲ.

ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆಗೆ ಮಷಿನ್ ಸಾಗಿಸಿದವರು ಇಳಿಸಿದ ತಕ್ಷಣ ಆನ್ ಮಾಡಬೇಡಿ. ಟೆಂಪೋದ ಕುಲುಕಾಟಕ್ಕೆ ಬೋರ್ಡಿನ ಕನೆಕ್ಟರ್, ಸಾಕೆಟ್‌ನಲ್ಲಿ ಕೂತ, ಆಟ ತುಂಬಿಟ್ಟ ರೋಮ್ ಚಿಪ್‌ಗಳು ಮೇಲೆದ್ದಿರುತ್ತವೆ. ಒತ್ತಿ ಕೂರಿಸಿ, ಆಮೇಲೆ ಆನ್ ಮಾಡಿ ಮೆಮೊರಿ ಟೆಸ್ಟ್ ಓಡಿಸಿ. ಪ್ರತಿ ಚಿಪ್ ಎದುರು ಗುಡ್ ಅಥವಾ ಬ್ಯಾಡ್ ಅಂತ ಬರುತ್ತದೆ. ಶಹಾಬಾದ್ ಕಲ್ಲಿನ ಏರುತಗ್ಗಿನ ನೆಲದ ಮೇಲೆ ಇಟ್ಟರೆ ಕೆಳಗಿನ ನಾಲ್ಕೂ ಕಾಲು ಸಮ ಮಾಡಿ. ಕ್ಯಾಬಿನೆಟ್ ಅಲ್ಲಾಡಿದರೆ ಸ್ಕ್ರೂಗಳು ಒಂದೊಂದೇ ಸಡಿಲವಾಗುತ್ತವೆ.

ಮನೆಯ ಡೇಟೋನಾ

ಮನೆಯ ಕನ್ಸೋಲ್ ತಂದು ಕೊಟ್ಟು "ಇದರಾಗೂ ಹಂಗೇ ಆಗ್ತದ" ಅನ್ನುವವರಿಗೆ ಮೊದಲು ಕೇಳುವುದು, ಯಾವ ಕನ್ಸೋಲ್? ಇಲ್ಲಿ ಅರ್ಧ ದೂರು ದೋಷವೇ ಅಲ್ಲ.

ಸೆಗಾ ಸ್ಯಾಟರ್ನ್‌ನಲ್ಲಿ 1995ರಲ್ಲಿ ಬಂದ ಡೇಟೋನಾ ಸೆಕೆಂಡಿಗೆ 20 ಚಿತ್ರವನ್ನಷ್ಟೇ ತೋರಿಸುತ್ತದೆ. ಆರ್ಕೇಡ್‌ನ, ಅಂದರೆ ಗೇಮ್ ಜೋನ್ ಮಷಿನ್‌ನ 60 ನೋಡಿ ಬಂದ ಕಣ್ಣಿಗೆ ಅದು ತಡವರಿಸಿದ ಹಾಗೆ ಕಾಣುತ್ತದೆ. ದೂರದ ಬೆಟ್ಟ, ರಸ್ತೆ ಇದ್ದಕ್ಕಿದ್ದಂತೆ ಎದ್ದು ಬರುತ್ತವೆ. ಲೆನ್ಸ್ ಒರೆಸಿದರೂ, ಡಿಸ್ಕ್ ಬದಲಿಸಿದರೂ ಇದು ಹೋಗುವುದಿಲ್ಲ. ಅದರಲ್ಲಿ ಇಬ್ಬರು ಆಡುವುದೂ ಇಲ್ಲ, ಎರಡನೇ ಕಂಟ್ರೋಲರ್ ಕೆಟ್ಟಿಲ್ಲ. 1996ರ ಚಾಂಪಿಯನ್‌ಶಿಪ್ ಸರ್ಕ್ಯೂಟ್ ಎಡಿಷನ್‌ನಲ್ಲಿ ಚಿತ್ರ ಇನ್ನಷ್ಟು ನಯ, ಪರದೆ ಸೀಳಿ ಇಬ್ಬರು ಆಡಬಹುದು. ಸ್ಯಾಟರ್ನ್ ಇದ್ದವರು ಇದನ್ನು ಹುಡುಕಿ ಆಡಿ ಅಂತ ನಾನು ಹೇಳುತ್ತೇನೆ, ಆದರೆ ಕಾರು ಓಡುವ ರೀತಿ ಮೊದಲಿನದಕ್ಕಿಂತ ಬೇರೆ.

ಸ್ಯಾಟರ್ನ್‌ನ ನಿಜವಾದ ದೋಷಗಳು ಬೇರೆ ಇವೆ. ಜಪಾನಿನ ಸ್ಯಾಟರ್ನ್ 100 ವೋಲ್ಟಿನದು, ನೇರ 230ಕ್ಕೆ ಹಾಕಿದರೆ ಸಪ್ಲೈ ಸುಡುತ್ತದೆ. ಹಳೇ ಪಾಲ್ ಟಿವಿಯಲ್ಲಿ ಚಿತ್ರ ಕಪ್ಪು ಬಿಳುಪಾಗಿ ಬಂದರೆ ಕನ್ಸೋಲ್ ಎನ್‌ಟಿಎಸ್‌ಸಿ ಎಂಬ ಜಪಾನ್, ಅಮೆರಿಕದ ಬಣ್ಣದ ಪದ್ಧತಿಯದು, ಬೇರೆ ಟಿವಿಗೆ ಹಾಕಿ ನೋಡಿ. ಪ್ರತಿ ಸಲ ತಾರೀಕು ಕೇಳಿದರೆ, ಉಳಿಸಿದ ಟೈಮ್ ಅಳಿದರೆ ಹಿಂದಿನ ಮುಚ್ಚಳದ ಒಳಗಿನ ಸಿಆರ್2032 ಸೆಲ್ ಬದಲಿಸಿ. ಇಷ್ಟು ಸುಲಭದ ಕೆಲಸಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ಡ್ರೀಮ್‌ಕಾಸ್ಟ್‌ನ 2001ರ ಆವೃತ್ತಿ ಕಣ್ಣಿಗೆ ಹಬ್ಬ. ದೂರು ಬರುವುದು ಸ್ಟೀರಿಂಗ್ ಬಗ್ಗೆ. ಸ್ವಲ್ಪ ಅಲ್ಲಾಡಿಸಿದರೂ ಕಾರು ಅತ್ತ ಇತ್ತ ಹೊಯ್ದಾಡುತ್ತದೆ. ಅದು ಆಟದ ಸ್ವಭಾವ. ಆಪ್ಷನ್ಸ್‌ನಲ್ಲಿ ಸೆನ್ಸಿಟಿವಿಟಿ ಇಳಿಸಿ, ಆಮೇಲೆ ಮಾತಾಡಿ. ಇಳಿಸಿದ ಮೇಲೂ ಒಂದೇ ಕಡೆ ಎಳೆದರೆ, ಆನ್ ಮಾಡುವಾಗ ಸ್ಟಿಕ್ ಮೇಲೆ ಬೆರಳು ಇತ್ತಾ ನೆನಪಿಸಿಕೊಳ್ಳಿ. ಆನ್ ಮಾಡುವಾಗ ಸ್ಟಿಕ್, ಟ್ರಿಗರ್ ಮುಟ್ಟಬಾರದು ಅಂತ ಕಂಪನಿಯೇ ಹೇಳಿದೆ. ಆರಿಸಿ, ಕೈ ತೆಗೆದು, ಮತ್ತೆ ಆನ್ ಮಾಡಿ. ಈ ಕಂಟ್ರೋಲರ್ ಒಳಗೆ ಇಂಗಾಲದ ಪಟ್ಟಿ ಇಲ್ಲ, ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಇದೆ. ಹಾಗಾಗಿ ಪಾಟ್‌ನ ಹಾಗೆ ಸವೆಯುವುದಿಲ್ಲ.

ಆಟದ ನಡುವೆ ಡ್ರೀಮ್‌ಕಾಸ್ಟ್ ತಾನಾಗೇ ರೀಸೆಟ್ ಆಗಿ ಮೊದಲ ಪರದೆಗೆ ಬಂದರೆ ಡಿಸ್ಕ್ ಬೈಯಬೇಡಿ. ಪವರ್ ಬೋರ್ಡಿಗೂ ಮುಖ್ಯ ಬೋರ್ಡಿಗೂ ನಡುವಿನ ಪಿನ್ನುಗಳಿಗೆ ಕಿಲುಬು ಹಿಡಿದಿರುತ್ತದೆ. ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪಿನ್ನು ಒರೆಸಿ ಕೂರಿಸಿ. ನಾಲ್ಕೂ ಕಂಟ್ರೋಲರ್ ಪೋರ್ಟ್ ಒಟ್ಟಿಗೆ ಸತ್ತಿದ್ದರೆ ಕಂಟ್ರೋಲರ್ ಬೋರ್ಡಿನ ಎಫ್1 ಅನ್ನುವ ಫ್ಯೂಸ್ ಹೋಗಿದೆ. ಆನ್ ಇರುವಾಗ ಕಂಟ್ರೋಲರ್ ಕಿತ್ತು ಹಾಕುವುದನ್ನು ನಿಲ್ಲಿಸಿ.

2011ರಲ್ಲಿ ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3ಕ್ಕೆ ಡೌನ್‌ಲೋಡ್ ಆಗಿ ಬಂದದ್ದು ಆರ್ಕೇಡ್‌ಗೆ ಬಹಳ ಹತ್ತಿರ. ಅಗಲ ಪರದೆ, ಸೆಕೆಂಡಿಗೆ 60 ಚಿತ್ರ. ಇದರಲ್ಲೂ "ಸ್ಟೀರಿಂಗ್ ತಡ ಆಗ್ತದ" ಅಂದರೆ ಟಿವಿಯ ಗೇಮ್ ಮೋಡ್ ಆನ್ ಮಾಡಿ. ಚಿತ್ರ ಚೆಂದ ಮಾಡಲು ಟಿವಿ ತಗೊಳ್ಳುವ ಹೊತ್ತು ಅದು. ಗೇಮ್ ಮೋಡ್‌ನಲ್ಲೂ ಕಾರು ಒಂದೇ ಕಡೆ ಹೋದರೆ ಅದೇ ಕಂಟ್ರೋಲರಿನಲ್ಲಿ ಬೇರೆ ಆಟ ಹಾಕಿ, ಸ್ಟಿಕ್ ಮುಟ್ಟದೆ ಬಿಡಿ. ಅಲ್ಲೂ ತಾನಾಗೇ ನಡೆದರೆ ಸ್ಟಿಕ್‌ನೊಳಗಿನ ಪುಟ್ಟ ಪಾಟ್ ಸವೆದಿದೆ. ಅದನ್ನು ಮೊಬೈಲ್ ರಿಪೇರಿಯವರೂ ಬದಲಿಸಿ ಕೊಡುತ್ತಾರೆ, ಕನ್ಸೋಲ್ ಬಿಚ್ಚಿಸಬೇಡಿ.